ಮೊದಲ ಫೋನ್ ಮಾಡಲು ಎರಡು ವರ್ಷ ಹಿಡಿಯಿತು

(ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದಲ್ಲಿ ಒಂದು ಶನಿವಾರ ಆಡಿದ ಮಾತು. ಬರಲಾಗದ ಗೆಳೆಯರು ಕೇಳಿದ್ದರಿಂದ ಈ ವಾರದ ಮಿಂಚೆಯಲ್ಲಿ ಪೂರ್ತಿಯಾಗಿ ಕಳಿಸುತ್ತಿದ್ದೇವೆ.)



ಈ ವೇದಿಕೆ ಮೇಲೆ ನಾನು ಇದುವರೆಗೆ ಎರಡು ಸಲ ನಿಂತಿದ್ದೇನೆ. ಒಂದು ಸಲ ಮಕ್ಕಳ ಕನ್ನಡ ತರಗತಿಗೆ ಪುಸ್ತಕ ಬೇಕು ಅಂತ ಕೇಳೋಕೆ, ಇನ್ನೊಂದು ಸಲ ರಾಜ್ಯೋತ್ಸವದ ನಾಟಕದಲ್ಲಿ ಮಾತು ಮರೆತು ನಿಲ್ಲೋಕೆ. ಇವತ್ತು ಮರೆಯಬಾರದು ಅಂತ ಚೀಟಿ ಬರೆದುಕೊಂಡು ಬಂದಿದ್ದೇನೆ.

ವಿಷಯ ಇಷ್ಟೇ. ಮನೆಯಲ್ಲಿ ಒಬ್ಬರಿಗೆ ಕುಡಿತದ ತೊಂದರೆ, ಮಾದಕ ವಸ್ತುವಿನ ತೊಂದರೆ ಅಥವಾ ಮನಸ್ಸಿನ ಕಾಯಿಲೆ ಇದ್ದರೆ ಈ ದೇಶದಲ್ಲಿ ಚಿಕಿತ್ಸೆ ಎಲ್ಲಿ ಹುಡುಕಬೇಕು, ಅದರ ದುಡ್ಡು ಹೇಗೆ ಕಟ್ಟಬೇಕು. ನಾನು ಡಾಕ್ಟರಲ್ಲ, ವಕೀಲನೂ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಮೂರು ವರ್ಷದ ಹಿಂದೆ ನಮ್ಮ ಅಣ್ಣನಿಗಾಗಿ ಇದನ್ನೆಲ್ಲ ಕಲಿಯಬೇಕಾಗಿ ಬಂತು. ಅವನ ಒಪ್ಪಿಗೆ ಕೇಳಿಯೇ ಮಾತಾಡುತ್ತಿದ್ದೇನೆ. "ಹೇಳು, ಆದರೆ ಯಾರೂ 'ಅಯ್ಯೋ ಪಾಪ' ಅನ್ನೋ ಹಾಗೆ ಹೇಳಬೇಡ" ಅಂದ. ಹಾಗಾಗಿ ದಯವಿಟ್ಟು ಅನ್ನಬೇಡಿ.

ಅಣ್ಣನೂ ನಮ್ಮಂತೆಯೇ ಸಾಫ್ಟ್‌ವೇರ್‌ನವನು. ಎಚ್-1ಬಿ ವೀಸಾ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹಲವು ವರ್ಷ. ಅವನು ಕುಡಿಯುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಪಾರ್ಟಿಗಳಲ್ಲಿ ಅದನ್ನ 'ತೀರ್ಥ' ಅಂತ ಕರೆದು ನಗುತ್ತೇವಲ್ಲ, ಅಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಆಮೇಲೆ ಅದಕ್ಕೆ ನಮ್ಮಲ್ಲಿರುವ ಪದ 'ಚಟ'. ಚಟ ಅಂದ ತಕ್ಷಣ ಅದು ಗುಣದ ಮಾತಾಗಿಬಿಡುತ್ತದೆ. ಸಕ್ಕರೆ ಕಾಯಿಲೆ ಇದ್ದವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ, ಚಟ ಇದ್ದವನಿಗೆ ಬುದ್ಧಿ ಹೇಳುತ್ತೇವೆ. ನಾವು ಎರಡು ವರ್ಷ ಬುದ್ಧಿ ಹೇಳಿದೆವು.

ಅತ್ತಿಗೆ ನನಗೆ ಮೊದಲ ಸಲ ಹೇಳಿದ ದಿನದಿಂದ ನಾವು ಹೊರಗಿನವರೊಬ್ಬರಿಗೆ ಮೊದಲ ಫೋನ್ ಮಾಡಿದ ದಿನದವರೆಗೆ ಲೆಕ್ಕ ಹಾಕಿದರೆ ಸರಿಯಾಗಿ ಎರಡು ವರ್ಷ. ದುಡ್ಡಿಲ್ಲದೆ ತಡವಾದದ್ದಲ್ಲ. ಹೆದರಿಕೆ. ಇನ್ಶೂರೆನ್ಸ್ ಬಳಸಿದರೆ ಕಂಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ. ಈ ಸರಪಳಿಯ ಒಂದೊಂದು ಕೊಂಡಿಯೂ ನಿಜವೇ ಅಂತ ನಾವು ಒಂದು ಸಲವೂ ಪರೀಕ್ಷಿಸಲಿಲ್ಲ. ಆಫೀಸಿನಲ್ಲಾದರೆ ಲಾಗ್ ನೋಡದೆ ಒಂದು ಬಗ್ ಮುಚ್ಚುವುದಿಲ್ಲ ನಾನು.

ಕೊನೆಗೆ ನಾನೇ ಒಂದು ಘನಂದಾರಿ ಕೆಲಸ ಮಾಡಿದೆ. ಒಂದು ಶುಕ್ರವಾರ ರಾತ್ರಿ ಮನೆದೇವರು ರಂಗನಾಥಸ್ವಾಮಿಯ ಫೋಟೊ ಮುಂದೆ ಕರ್ಪೂರ ಹಚ್ಚಿ ಅವನ ಕೈಲಿ ಆಣೆ ಮಾಡಿಸಿದೆ, ಇನ್ನು ಮುಟ್ಟುವುದಿಲ್ಲ ಅಂತ. ಅಣ್ಣ ಮಾತಿಗೆ ತಪ್ಪುವವನಲ್ಲ. ಮುಟ್ಟಲಿಲ್ಲ. ಶನಿವಾರ ಕೈ ನಡುಗಿತು, ಬೆವರಿದ. ಒಳ್ಳೆಯದೇ, ವಿಷ ಹೊರಗೆ ಹೋಗ್ತಿದೆ ಅಂದೆ ನಾನು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದ. ಗ್ರಾನೈಟ್ ಕಟ್ಟೆಗೆ ತಲೆ ತಗುಲಿತ್ತು. ಅವನ ಮಗಳು, ಆಗ ಹನ್ನೊಂದು ವರ್ಷ, ಅವಳೇ 911ಕ್ಕೆ ಫೋನ್ ಮಾಡಿದ್ದು.

ದಯವಿಟ್ಟು ಇದೊಂದನ್ನ ನೆನಪಿಡಿ. ವರ್ಷಗಟ್ಟಲೆ ದಿನವೂ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರುವ ಅಪಾಯ, ಎರಡು ಮೂರನೆಯ ದಿನದ ಹೊತ್ತಿಗೆ ಭ್ರಮೆ, ಜ್ವರ, ಎದೆಬಡಿತ ಏರುವ ಅಪಾಯ. ನಿಲ್ಲಿಸುವುದು ಡಾಕ್ಟರ ಕೈಕೆಳಗೆ, ಔಷಧಿ ಇಟ್ಟುಕೊಂಡು ಆಗಬೇಕು. ಆಸ್ಪತ್ರೆಯ ಡಾಕ್ಟರು ನನ್ನನ್ನು ಬಯ್ಯಲಿಲ್ಲ. "ಎಷ್ಟು ದಿನದಿಂದ ಕುಡಿಯುತ್ತಿದ್ದಾರೆ, ಯಾವಾಗ ನಿಲ್ಲಿಸಿದರು" ಅಷ್ಟೇ ಕೇಳಿದರು. ನಾನು ಹೇಳಲು ತಡವರಿಸಿದೆ. ಎರಡು ವರ್ಷ ಮುಚ್ಚಿಟ್ಟ ಅಭ್ಯಾಸ, ಎಮರ್ಜೆನ್ಸಿ ವಾರ್ಡಿನಲ್ಲೂ ನಾಲಿಗೆ ತಡೆಯಿತು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ನಾಲ್ಕು ದಿನದಲ್ಲಿ ಮುಂದಿನ ಚಿಕಿತ್ಸೆಯ ಜಾಗ ಹುಡುಕಬೇಕು. ಇನ್ಶೂರೆನ್ಸ್ ಕಂಪನಿಯ ಪಟ್ಟಿಯಿಂದ ಹದಿನಾಲ್ಕು ಹೆಸರು ತೆಗೆದೆ. ಎರಡು ನಂಬರ್ ಬಂದ್ ಆಗಿದ್ದವು, ಒಂದು ಚರ್ಮರೋಗದ ಡಾಕ್ಟರದು, ಐವರು ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ಮೂವರು ಆ ಇನ್ಶೂರೆನ್ಸ್ ಬಿಟ್ಟು ವರ್ಷವಾಗಿತ್ತು. ಇಂಥ ಪಟ್ಟಿಗಳಿಗೆ ಇಲ್ಲಿ 'ಭೂತದ ನೆಟ್‌ವರ್ಕ್' ಅಂತಲೇ ಹೆಸರಿದೆ. ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಫೋನ್ ಮಾಡಿದೆ, ಏನಂದರು ಅಂತ ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತಾ ಹೋದೆ. ಸುಮ್ಮನೆ ಅಭ್ಯಾಸಬಲ. ಆಮೇಲೆ ಆ ಹಾಳೆಯೇ ಕೆಲಸಕ್ಕೆ ಬಂತು: ನೆಟ್‌ವರ್ಕಿನ ಒಳಗೆ ಯಾರೂ ಸಿಗುತ್ತಿಲ್ಲ ಅಂತ ತೋರಿಸಿದರೆ, ಹೊರಗಿನವರಿಗೆ ಒಳಗಿನ ದರದಲ್ಲೇ ದುಡ್ಡು ಕಟ್ಟಿ ಅಂತ ಇನ್ಶೂರೆನ್ಸ್‌ನವರನ್ನು ಕೇಳಬಹುದು.

ಅದೇ ನಾಲ್ಕು ದಿನದಲ್ಲಿ ಗೂಗಲ್ ಜಾಹೀರಾತು ನೋಡಿ ಒಂದು ನಂಬರಿಗೆ ಫೋನ್ ಮಾಡಿದೆ. ತುಂಬಾ ನಯವಾದ ದನಿ. ಇನ್ಶೂರೆನ್ಸ್ ನಂಬರ್ ಕೇಳಿದರು, ಹತ್ತೇ ನಿಮಿಷದಲ್ಲಿ ಜಾಗ ಇದೆ ಅಂದರು, ಬೇರೆ ರಾಜ್ಯದಲ್ಲಿ, ವಿಮಾನದ ಟಿಕೆಟ್ ನಮ್ಮದೇ ಅಂದರು! ನನಗೆ ಅಳುವಷ್ಟು ಸಮಾಧಾನ. ಅತ್ತಿಗೆ ಮಾತ್ರ "ಟಿಕೆಟ್ ಪುಕ್ಕಟೆ ಕೊಡೋರು ಯಾಕೆ ಕೊಡ್ತಾರೆ?" ಅಂದರು. ಅವರು ಚಿಕಿತ್ಸಾಲಯದವರೇ ಅಲ್ಲ, ದಲ್ಲಾಳಿಗಳು. ರೋಗಿಯನ್ನು ಕಳಿಸಿದ್ದಕ್ಕೆ ತಲೆಗೆ ಇಷ್ಟು ಅಂತ ಕಮಿಷನ್. ಫ್ಲಾರಿಡಾದಲ್ಲಿ ಈ ದಂಧೆ ಎಷ್ಟು ಬೆಳೆದಿತ್ತೆಂದರೆ 2018ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಅಪರಾಧವೆಂದು ಕಾನೂನು ಮಾಡಬೇಕಾಯಿತು. ಹಾಗಾಗಿ ಹುಡುಕಾಟ ಜಾಹೀರಾತಿನಿಂದ ಶುರು ಮಾಡಬೇಡಿ. ಸರ್ಕಾರದ ಸಹಾಯವಾಣಿ 1-800-662-4357, ದಿನದ ಇಪ್ಪತ್ತನಾಲ್ಕು ಗಂಟೆ, ಬಿಟ್ಟಿ, ಹೆಸರು ಹೇಳಬೇಕಿಲ್ಲ. ಫೈಂಡ್‌ಟ್ರೀಟ್‌ಮೆಂಟ್ ಡಾಟ್ ಗವ್ ಅನ್ನೋ ಸರ್ಕಾರದ ತಾಣದಲ್ಲಿ ಪಿನ್‌ಕೋಡ್ ಹಾಕಿ ಹುಡುಕಬಹುದು. ನಮ್ಮ ನ್ಯೂಜೆರ್ಸಿಯದೇ ಬೇರೆ ಇದೆ, 1-844-732-2465. ಸಾಯುವ ಯೋಚನೆ ಬರುತ್ತಿದೆ ಅನ್ನುವವರಿಗೆ, ಅವರನ್ನು ನೋಡಿ ಕಂಗಾಲಾದ ಮನೆಯವರಿಗೆ, 988. ಇದು 2022ರ ಜುಲೈನಿಂದ ದೇಶವಿಡೀ ಇದೆ. ಫೋನೂ ಮಾಡಬಹುದು, ಮೆಸೇಜೂ ಕಳಿಸಬಹುದು.

ಈಗ ದುಡ್ಡಿನ ಮಾತು. ಡಾಕ್ಟರು 28 ದಿನ ಅಲ್ಲೇ ಉಳಿದು ಮಾಡುವ ಚಿಕಿತ್ಸೆ ಬೇಕು ಅಂತ ಬರೆದರು. ಇನ್ಶೂರೆನ್ಸ್‌ನವರು 'ವೈದ್ಯಕೀಯವಾಗಿ ಅಗತ್ಯವಿಲ್ಲ, ಮನೆಯಿಂದ ಬಂದು ಹೋಗುವ ಚಿಕಿತ್ಸೆ ಸಾಕು' ಅಂತ ತಳ್ಳಿಹಾಕಿದರು. ಚಿಕಿತ್ಸಾಲಯದವರು ಹಾಗಾದರೆ 28,000 ಡಾಲರ್ ನೀವೇ ಕಟ್ಟಿ ಅಂದರು. ಆ ರಾತ್ರಿ ನಾನು ಊರಿನ ಸೈಟು ಮಾರಿದರೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿದೆ.

ಬೆಳಿಗ್ಗೆ ಒಬ್ಬ ಸೋಷಿಯಲ್ ವರ್ಕರ್ ಹೇಳಿದ್ದು: "ಇಲ್ಲ ಅನ್ನುವುದು ಅವರ ಮೊದಲ ಉತ್ತರ, ಕೊನೆಯದಲ್ಲ." 2008ರಲ್ಲಿ ಈ ದೇಶದಲ್ಲಿ ಒಂದು ಕಾನೂನು ಬಂತು. ದೊಡ್ಡ ಕಂಪನಿಗಳ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೂ ವ್ಯಸನಕ್ಕೂ ರಕ್ಷಣೆ ಕೊಟ್ಟಿದ್ದರೆ, ಅದಕ್ಕೆ ಮೈಯ ಕಾಯಿಲೆಗಿಂತ ಬಿಗಿಯಾದ ಷರತ್ತು ಹಾಕುವಂತಿಲ್ಲ. ಆ ಕಾನೂನಿಗೆ ಇಬ್ಬರು ಸೆನೆಟರುಗಳ ಹೆಸರಿದೆ, ಪಾಲ್ ವೆಲ್‌ಸ್ಟನ್ ಮತ್ತು ಪೀಟ್ ಡೊಮೆನಿಚಿ. ಒಬ್ಬರು ಡೆಮಾಕ್ರಟ್, ಒಬ್ಬರು ರಿಪಬ್ಲಿಕನ್, ಬೇರೆ ಯಾವ ವಿಷಯದಲ್ಲೂ ಒಪ್ಪುವವರಲ್ಲ. ಡೊಮೆನಿಚಿ ಅವರ ಮಗಳಿಗೆ ಸ್ಕಿಜೊಫ್ರೇನಿಯಾ ಇತ್ತು. ವೆಲ್‌ಸ್ಟನ್ ಅವರ ಅಣ್ಣನಿಗೆ ಮನಸ್ಸಿನ ಕಾಯಿಲೆ ಬಂದು, ಆಸ್ಪತ್ರೆಯ ಬಿಲ್ಲು ತೀರಿಸಲು ಅಪ್ಪ ಅಮ್ಮನಿಗೆ ವರ್ಷಗಟ್ಟಲೆ ಹಿಡಿದಿತ್ತು. ಅವರದೂ ವಲಸೆ ಬಂದ ಮನೆತನ. ವೆಲ್‌ಸ್ಟನ್ 2002ರಲ್ಲಿ ವಿಮಾನ ಬಿದ್ದು ತೀರಿಕೊಂಡರು, ಕಾನೂನು ನೋಡಲಿಲ್ಲ. ಅಣ್ಣನ ಬಿಲ್ಲಿಗೆ ಹೆದರಿದ ಇನ್ನೊಬ್ಬ ತಮ್ಮ ಇದ್ದ ಅಂತ ಓದಿ ನನಗೆ ಅವತ್ತು ವಿಚಿತ್ರವಾದ ಧೈರ್ಯ ಬಂತು.

ಕಾನೂನು ಇದ್ದರೆ ಸಾಲದು, ಯಾವ ಕಾನೂನು ನಮಗೆ ಅನ್ವಯಿಸುತ್ತದೆ ಅಂತ ನೋಡಬೇಕು. ನ್ಯೂಜೆರ್ಸಿಯಲ್ಲಿ 2017ರ ಕಾನೂನಿನ ಪ್ರಕಾರ ಡಾಕ್ಟರು ಬೇಕು ಅಂದರೆ ಮೊದಲ 28 ದಿನದ ವ್ಯಸನ ಚಿಕಿತ್ಸೆಗೆ ಇನ್ಶೂರೆನ್ಸ್‌ನವರು ಅಡ್ಡ ಬರುವಂತಿಲ್ಲ. ಗೆದ್ದೆ ಅಂದುಕೊಂಡೆ. ಆದರೆ ಅದು ರಾಜ್ಯದ ಹಿಡಿತದಲ್ಲಿರುವ ಪಾಲಿಸಿಗಳಿಗೆ ಮಾತ್ರ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ವಿಮೆಯ ದುಡ್ಡು ತಾವೇ ಕಟ್ಟುತ್ತವೆ, ಕಾರ್ಡಿನ ಮೇಲಿನ ಇನ್ಶೂರೆನ್ಸ್ ಕಂಪನಿ ಬರೀ ಗುಮಾಸ್ತ. ಅಂಥ ಪಾಲಿಸಿಗೆ ರಾಜ್ಯದ ಕಾನೂನು ತಟ್ಟುವುದಿಲ್ಲ, 1974ರ ಒಕ್ಕೂಟ ಕಾನೂನು ನಡೆಯುತ್ತದೆ. ಅಣ್ಣನದು ಅಂಥದ್ದೇ. ನಿಮ್ಮದೂ ಬಹುಶಃ ಅಂಥದ್ದೇ, ನಾಳೆ ಎಚ್.ಆರ್.ಗೆ ಒಂದು ಸಾಲು ಬರೆದು ಕೇಳಿ, 'ನಮ್ಮ ಪ್ಲಾನ್ ಸೆಲ್ಫ್-ಫಂಡೆಡ್ ಹೌದೋ ಅಲ್ಲವೋ' ಅಂತ. ಯಾಕೆ ಅಂತ ಅವರು ಕೇಳುವುದಿಲ್ಲ.

ಅಪೀಲು ಹಾಕಿದೆವು. ಸಾಮಾನ್ಯ ಅಪೀಲಿಗೆ ನಿರಾಕರಣೆ ಬಂದ ಮೇಲೆ 180 ದಿನ ಸಮಯವಿದೆ. ತುರ್ತು ಅಂತ ಡಾಕ್ಟರು ಬರೆದರೆ ಅವರು 72 ಗಂಟೆಯೊಳಗೆ ಉತ್ತರ ಕೊಡಲೇಬೇಕು. ಯಾವ ಮಾನದಂಡದ ಮೇಲೆ ತಳ್ಳಿಹಾಕಿದಿರಿ, ಅದನ್ನು ಲಿಖಿತವಾಗಿ ಕೊಡಿ ಅಂತ ಕೇಳುವ ಹಕ್ಕಿದೆ, ಅದಕ್ಕೆ ಕಾಸಿಲ್ಲ. ನಮ್ಮ ಪತ್ರದಲ್ಲಿ ಕಣ್ಣೀರು ಇರಲಿಲ್ಲ. ಫಿಟ್ಸ್ ಬಂದ ದಿನಾಂಕ, ತಲೆಗೆ ಬಿದ್ದ ಹೊಲಿಗೆ, ಹಿಂದೆ ತಾನಾಗಿಯೇ ಬಿಡಲು ಹೋಗಿ ಸೋತ ಎರಡು ಸಲ, ಡಾಕ್ಟರ ಪತ್ರ. ಒಂದೂವರೆ ಪುಟ. ಮೂರನೆಯ ದಿನ 14 ದಿನಕ್ಕೆ ಒಪ್ಪಿಗೆ ಬಂತು, ಆಮೇಲೆ ಇನ್ನೊಂದು ವಾರ. ಒಪ್ಪದಿದ್ದರೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಹೋಗಬಹುದಿತ್ತು, ಕೇಂದ್ರ ಕಾರ್ಮಿಕ ಇಲಾಖೆಗೆ 1-866-444-3272ಕ್ಕೆ ದೂರಬಹುದಿತ್ತು. ಅಲ್ಲಿಂದ ಬಂದ ಮೇಲೆ ವಾರಕ್ಕೆ ಮೂರು ಸಂಜೆ, ಮೂರು ಮೂರು ಗಂಟೆಯ ಗುಂಪು ಚಿಕಿತ್ಸೆ. ನಾಲ್‌ಟ್ರೆಕ್ಸೋನ್ ಅನ್ನೋ ಮಾತ್ರೆ. ಕುಡಿತಕ್ಕೆ ಇದನ್ನ 1994ರಲ್ಲೇ ಇಲ್ಲಿ ಒಪ್ಪಿದ್ದಾರೆ, ಮಾಮೂಲಿ ಫ್ಯಾಮಿಲಿ ಡಾಕ್ಟರೇ ಬರೆದು ಕೊಡಬಹುದು. ಇಂಥದ್ದೊಂದು ಮಾತ್ರೆ ಇದೆ ಅಂತಲೇ ನಮಗೆ ಎರಡು ವರ್ಷ ಗೊತ್ತಿರಲಿಲ್ಲ!

ಕೊನೆಗೆ ಆ ವರ್ಷ ನಮ್ಮ ಕೈಯಿಂದ ಹೋದದ್ದು 6,500 ಡಾಲರ್. ಅವನ ಪಾಲಿಸಿಯಲ್ಲಿ ಒಬ್ಬರಿಗೆ ವರ್ಷದ ಗರಿಷ್ಠ ಮಿತಿ ಅಷ್ಟು. ಮಿತಿ ಮುಟ್ಟಿದ ಮೇಲೆ ನೆಟ್‌ವರ್ಕಿನೊಳಗಿನ ಚಿಕಿತ್ಸೆಗೆ ಮತ್ತೆ ಕೊಡಬೇಕಿಲ್ಲ. ಅವನು ಬಿದ್ದದ್ದು ಮಾರ್ಚಿನಲ್ಲಿ, ಡಿಸೆಂಬರ್‌ವರೆಗಿನ ಗುಂಪು ಚಿಕಿತ್ಸೆ, ಮನೋವೈದ್ಯರು, ಮಾತ್ರೆ ಎಲ್ಲ ಅದರೊಳಗೇ ಬಂತು. ಜನವರಿಗೆ ಮೀಟರ್ ಮತ್ತೆ ಸೊನ್ನೆಯಿಂದ. ಆಸ್ಪತ್ರೆಯ ಪಾಲನ್ನು ತಿಂಗಳ ಕಂತಿನಲ್ಲಿ, ಬಡ್ಡಿಯಿಲ್ಲದೆ ಕಟ್ಟಿದೆವು, ಕೇಳಿದ್ದಕ್ಕೆ ಕೊಟ್ಟರು. ಆದಾಯ ಕಡಿಮೆ ಇರುವವರಿಗೆ ಇನ್ನೊಂದು ದಾರಿ: ಲಾಭಕ್ಕಲ್ಲದ ಆಸ್ಪತ್ರೆಗಳು ಹಣಸಹಾಯದ ಲಿಖಿತ ನಿಯಮ ಇಟ್ಟುಕೊಂಡಿರಲೇಬೇಕು, 2010ರ ಆರೋಗ್ಯ ಕಾನೂನಿನಲ್ಲೇ ಅದಿದೆ. ಅದೇ ಕಾನೂನಿನಿಂದ ಮಕ್ಕಳು 26 ವರ್ಷ ತುಂಬುವವರೆಗೆ ನಮ್ಮ ಪಾಲಿಸಿಯಲ್ಲಿ ಇರಬಹುದು, ಕಾಲೇಜು ಮಕ್ಕಳಿರುವವರು ಗಮನಿಸಿ. ಆದರೆ 18 ತುಂಬಿದ ಮೇಲೆ ಅವರ ಸಹಿ ಇಲ್ಲದೆ ಡಾಕ್ಟರು ನಮಗೆ ಏನೂ ಹೇಳುವುದಿಲ್ಲ.

ಇನ್ನು ಆ ಹೆದರಿಕೆಯ ಸರಪಳಿ. ಚಿಕಿತ್ಸೆಯ ವಿವರವನ್ನು ವಿಮೆಯವರು ಕೆಲಸದ ತೀರ್ಮಾನಕ್ಕೆ ಬಳಸಲು ಕಂಪನಿಗೆ ಕೊಡುವಂತಿಲ್ಲ. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಮಾಮೂಲಿ ವೈದ್ಯಕೀಯ ದಾಖಲೆಗಿಂತ ಬಿಗಿಯಾದ ಬೇರೆಯೇ ಕೇಂದ್ರ ನಿಯಮವಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ವರ್ಷ ಕೆಲಸ ಮಾಡಿದ್ದರೆ, 1993ರ ರಜೆ ಕಾನೂನಿನಲ್ಲಿ ಹನ್ನೆರಡು ವಾರ ಸಂಬಳವಿಲ್ಲದ ರಜೆ ಸಿಗಬಹುದು, ಕೆಲಸ ಕಾದಿರುತ್ತದೆ. ಗಮನಿಸಿ, ಅದು ಚಿಕಿತ್ಸೆಗೆ. ಕುಡಿದು ಮಲಗಿ ಆಫೀಸಿಗೆ ಹೋಗದ ದಿನಗಳಿಗಲ್ಲ. ಅಣ್ಣ ಅದನ್ನೇ ತೆಗೆದುಕೊಂಡ. ಅವನ ಮ್ಯಾನೇಜರಿಗೆ 'ವೈದ್ಯಕೀಯ ರಜೆ' ಅನ್ನುವುದರ ಹೊರತು ಇವತ್ತಿಗೂ ಗೊತ್ತಿಲ್ಲ. ಹೋಗಲಿ, ಕೆಲಸ ಹೋಗಿಯೇಬಿಟ್ಟರೆ? 2017ರಿಂದ ಎಚ್-1ಬಿಯವರಿಗೆ ಗರಿಷ್ಠ 60 ದಿನದ ಕಾಲಾವಕಾಶವಿದೆ, ಹಳೆಯ ವಿಮೆಯನ್ನು ಕೋಬ್ರಾದಡಿ ಮುಂದುವರಿಸಲು ಹೇಳುವುದಕ್ಕೂ 60 ದಿನವಿದೆ. ಕಂತು ಪೂರ್ತಿ ನಾವೇ ಕಟ್ಟಬೇಕು, ಅದರ ಮೇಲೆ ಶೇಕಡಾ 2. ಕಹಿಯೇ, ಆದರೆ ಚಿಕಿತ್ಸೆಯ ನಡುವೆ ಇರುವವರಿಗೆ ಅದೇ ಅಗ್ಗ.

ಗ್ರೀನ್ ಕಾರ್ಡಿಗೆ? ಚಿಕಿತ್ಸೆ ತೆಗೆದುಕೊಂಡದ್ದೇ ಅಡ್ಡಿಯಲ್ಲ. ವೈದ್ಯಕೀಯ ತಪಾಸಣೆಯಲ್ಲಿ ಕೇಳುತ್ತಾರೆ, ನಿಜವನ್ನೇ ಹೇಳಬೇಕು. ನಿಷೇಧಿತ ಮಾದಕ ವಸ್ತುವಿನ ವ್ಯಸನವಾದರೆ ಬಿಟ್ಟು ಹನ್ನೆರಡು ತಿಂಗಳಾಗಿರಬೇಕು. ಕುಡಿತದಲ್ಲಿ ನೋಡುವುದು ಅದರಿಂದ ಯಾರಿಗಾದರೂ ಅಪಾಯವಾಗುವ ನಡತೆ ಇದೆಯೇ ಅಂತ, ಮುಖ್ಯವಾಗಿ ಕುಡಿದು ಗಾಡಿ ಓಡಿಸಿದ್ದು. ಅದಕ್ಕೆ ಒಂದು ಸಲ ಪೊಲೀಸರು ಹಿಡಿದರೆ, ತೀರ್ಪು ಬರುವ ಮೊದಲೇ ವೀಸಾ ಮುದ್ರೆ ರದ್ದು ಮಾಡುವ ಪದ್ಧತಿ 2015ರಿಂದ ಇದೆ. ವೀಸಾಕ್ಕೆ ಹೆದರಿ ನಾವು ಡಾಕ್ಟರನ್ನು ಮುಂದೂಡಿದ ಆ ಎರಡು ವರ್ಷವೂ ಅಣ್ಣ ದಿನಾ ಕಾರು ಓಡಿಸುತ್ತಿದ್ದ. ಯಾವುದಕ್ಕೆ ಹೆದರಬೇಕಿತ್ತೋ ಅದನ್ನೇ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದೆವು. ನಿಮ್ಮ ಪರಿಸ್ಥಿತಿಗೆ ನನ್ನ ಮಾತು ನಂಬಬೇಡಿ, ಒಂದು ಗಂಟೆಗೆ ವಕೀಲರಿಗೆ ದುಡ್ಡು ಕೊಟ್ಟು ಕೇಳಿ.

ನಮ್ಮ ಬಳಗದಲ್ಲಿ ಹೇಳಲೇಬೇಕಾದ ಇನ್ನೊಂದಿದೆ. ಚಿಕಿತ್ಸಾಲಯದಲ್ಲಿ ಮನೆಯವರನ್ನೂ ಕರೆದು ಮಾತಾಡಿಸುತ್ತಾರೆ. ಅಮ್ಮ ಹಾಸನದಿಂದ ಬಂದಿದ್ದರು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಅವರು ಫೋನಿನಲ್ಲಿ ಹಿಂದಿ ದುಭಾಷಿಯನ್ನು ಕೂರಿಸಿದರು! ಅದು ನಮ್ಮ ಭಾಷೆಯಲ್ಲ ಅಂದದ್ದಕ್ಕೆ, ಪಕ್ಕದಲ್ಲಿದ್ದ ಅಣ್ಣನ ಮಗಳಿಗೆ "ನೀನೇ ಅಜ್ಜಿಗೆ ಹೇಳಿಬಿಡು" ಅಂದರು. ಹನ್ನೊಂದು ವರ್ಷದ ಮಗು, ಅಪ್ಪ ಬೆಳಿಗ್ಗೆ ಎಷ್ಟು ಗಂಟೆಗೆ ಕುಡಿಯಲು ಶುರುಮಾಡುತ್ತಿದ್ದ ಅಂತ ಕನ್ನಡದಲ್ಲಿ ಅಜ್ಜಿಗೆ ಹೇಳಬೇಕು. ಎರಡು ವಾಕ್ಯ ಹೇಳಿದಳು. ಆಮೇಲೆ ಅವಳಿಗೆ 'ನಡುಕ' ಅನ್ನೋ ಪದ ಗೊತ್ತಿರಲಿಲ್ಲ, ಕೈ ನಡುಗಿಸಿ ತೋರಿಸಿದಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ನಾನು ಅಲ್ಲಿಗೆ ನಿಲ್ಲಿಸಿ ಅಂದೆ.

ಕೇಂದ್ರ ಸರ್ಕಾರದ ಆರೋಗ್ಯ ಹಣ ಪಡೆಯುವ ಆಸ್ಪತ್ರೆ, ಚಿಕಿತ್ಸಾಲಯಗಳು ಇಂಗ್ಲಿಷ್ ಬಾರದವರಿಗೆ ಅವರದೇ ಭಾಷೆಯ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು, ತುರ್ತು ಇಲ್ಲದಿದ್ದರೆ ಮಕ್ಕಳನ್ನು ದುಭಾಷಿ ಮಾಡುವಂತಿಲ್ಲ. 2010ರ ಕಾನೂನಿನ 1557ನೇ ವಿಧಿ. ಮರುದಿನ ಮಿಂಚೆ ಬರೆದೆ, 'ಭಾಷೆ: ಕನ್ನಡ. ಹಿಂದಿ ಅಲ್ಲ, ಕೆನಡಾ ದೇಶವೂ ಅಲ್ಲ' ಅಂತ. ಮುಂದಿನ ವಾರ ಫೋನಿನಲ್ಲಿ ಮಂಗಳೂರು ಕಡೆಯ ಕನ್ನಡ ಮಾತಾಡುವ ಹೆಣ್ಣುಮಗಳೊಬ್ಬರು ಬಂದರು. "ನಮಸ್ಕಾರ ಅಮ್ಮ, ಹೇಗಿದ್ದೀರಿ?" ಅಂದರು. ಅಷ್ಟಕ್ಕೇ ಅಮ್ಮ ಮಾತು ಶುರುಮಾಡಿ ನಲವತ್ತು ನಿಮಿಷ ನಿಲ್ಲಿಸಲಿಲ್ಲ. ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಹೇಗೆ ತೀರಿಕೊಂಡರು ಅಂತ ನನಗೂ ಅಣ್ಣನಿಗೂ ಅವತ್ತೇ ಗೊತ್ತಾದದ್ದು. ಎದೆನೋವು ಅಂತ ಹೇಳಿಕೊಂಡು ಬಂದಿದ್ದರು. ಕುಡಿತದಿಂದ ಹೋದದ್ದು.

ಬೆಂಗಳೂರಿನ ಬ್ಯಾಂಕಿನಲ್ಲಿ ಕನ್ನಡದ ಅರ್ಜಿ ಕೇಳಿದರೆ 'ಯಾರೂ ಕೇಳೋದಿಲ್ಲ ಸಾರ್' ಅಂತಾರಲ್ಲ, ಇಲ್ಲೂ ಅದೇ ಕತೆ. ಕೇಳದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಇಂಗ್ಲಿಷ್ ಬರುತ್ತೆ ಅಂತ ನಮ್ಮ ಅಮ್ಮಂದಿರ ಪರವಾಗಿ ನಾವು ಸುಮ್ಮನಿರಬಾರದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಅಂತ ಬರೆಸಿ.

ಊರಿನಲ್ಲಿರುವ ಮನೆಯವರಿಗೆ ಎರಡು ಮಾತು. ಭಾರತದಲ್ಲಿ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಇಲ್ಲಿಂದ ನಾವು ಅಪ್ಪ ಅಮ್ಮನಿಗೆ ಮಾಡಿಸುವ ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯಂತೆಯೇ ಸೇರಿಸಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪಾಲಿಸಿ ತೆಗೆದು ನೋಡಿ. ಅಣ್ಣನನ್ನು ಊರಿಗೇ ಕಳಿಸಿಬಿಡಿ ಅಂತ ಕೆಲವರು ಅಂದಿದ್ದರು. ಚಿಕಿತ್ಸೆ ಅಲ್ಲಿ ಅಗ್ಗ, ನಿಜ. ಆದರೆ ಅವರು ಹೇಳಿದ್ದು ಚಿಕಿತ್ಸೆಗಲ್ಲ, ನಮ್ಮ ಕಣ್ಣಿಂದ ದೂರ ಮಾಡೋಕೆ.

ಅಣ್ಣ ಒಂದು ಸಲ ಮತ್ತೆ ಜಾರಿದ್ದ, ಎಂಟನೇ ತಿಂಗಳಲ್ಲಿ. ಈ ಸಲ ಆಣೆ ಮಾಡಿಸಲಿಲ್ಲ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿದೆವು. ಅದಾಗಿ ಎರಡು ವರ್ಷ ದಾಟಿದೆ. ಅವನು ಹೋಗುವುದು 1935ರಲ್ಲಿ ಓಹಾಯೊದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ, ಅಲ್ಲಿ ಫೀಸಿಲ್ಲ. ದೇವರ ಮಾತು ಜಾಸ್ತಿ ಅನ್ನಿಸುವವರಿಗೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದಿದೆ. ಅತ್ತಿಗೆ ಮನೆಯವರಿಗಾಗಿಯೇ ಇರುವ ಅಲ್-ಅನಾನ್‌ಗೆ ಹೋಗುತ್ತಾರೆ, ಅಲ್ಲಿ ಇನ್ನೂ ಇಬ್ಬರು ಕನ್ನಡದ ಹೆಂಗಸರು ಸಿಕ್ಕರಂತೆ. ಯಾರು ಅಂತ ನನಗೂ ಹೇಳಿಲ್ಲ.

ನನ್ನ ಅಪೀಲು ಪತ್ರದ ನಮೂನೆ, ಆ ಎಕ್ಸೆಲ್ ಹಾಳೆ, ದುಭಾಷಿ ಕೇಳುವ ನಾಲ್ಕು ಸಾಲಿನ ಮಿಂಚೆ, ಮೂರೂ ಹೆಸರು ಅಳಿಸಿ ಇಟ್ಟಿದ್ದೇನೆ. ಬೇಕಾದವರು ಬರೆಯಿರಿ, ಯಾರಿಗೆ ಅಂತ ಹೇಳಬೇಕಿಲ್ಲ, ಕಳಿಸುತ್ತೇನೆ. ಈಗ ಕಾಫಿ ಇದೆ, ನಾನು ಆ ಮೂಲೆಯ ಕಂಬದ ಹತ್ತಿರ ನಿಂತಿರುತ್ತೇನೆ. ಏಳೂವರೆವರೆಗೆ ಇರುತ್ತೇನೆ. ಅಣ್ಣನ ಶನಿವಾರದ ಸಭೆ ಏಳಕ್ಕೆ ಮುಗಿಯುತ್ತೆ, ನನ್ನನ್ನು ಕರೆದುಕೊಂಡು ಹೋಗಲು ಅವನೇ ಕಾರು ತರುತ್ತಾನೆ.